ಮಣ್ಣಿನ ಕ್ಲಾಸಿನ ಮೊದಲ ಹತ್ತು ನಿಮಿಷ: ಶಾಲೆಯಲ್ಲಿ ಜೇಡಿಮಣ್ಣಿನ ಕೆಲಸಕ್ಕೆ ಮುಂಚೆ ಮಾಡಿಸಬೇಕಾದ ಕೈ ಪಳಗಿಸುವ ಆಟಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಚಿತ್ರಕಲಾ ಶಿಕ್ಷಕರು ಸಿಕ್ಕಾಗಲೆಲ್ಲ ಒಂದೇ ದೂರು. ಮಣ್ಣು ತಂದೆ, ಮಕ್ಕಳಿಗೆ ಹಂಚಿದೆ, ಗಣೇಶ ಮಾಡಿ ಅಂದೆ. ಅರ್ಧ ಕ್ಲಾಸು ಕೆಸರಾಯಿತು, ಇನ್ನರ್ಧ ಮಕ್ಕಳ ಗಣೇಶನ ಸೊಂಡಿಲು ಮಾರನೇ ದಿನ ಕಳಚಿ ಬಿತ್ತು. ಬಹಳ ಸಲ ಇಲ್ಲಿ ಮಣ್ಣಿನ ತಪ್ಪೂ ಇರಲ್ಲ, ಮಕ್ಕಳ ತಪ್ಪೂ ಇರಲ್ಲ. ಕೈ ಇನ್ನೂ ಮಣ್ಣಿಗೆ ಒಗ್ಗಿರುವುದಿಲ್ಲ, ಅಷ್ಟರಲ್ಲೇ ಮೂರ್ತಿ ಶುರುವಾಗಿರುತ್ತದೆ. ಜೊತೆಗೆ ಮೇಜಿನ ಮೇಲೆ ನೀರಿನ ಬಟ್ಟಲು ಇರುತ್ತದೆ.

ಕೈ ಪಳಗಿಸುವ ಆಟಗಳನ್ನು ಯಾವ ಕ್ರಮದಲ್ಲಿ, ಎಷ್ಟು ಹೊತ್ತು, ಏನೇನು ಇಟ್ಟುಕೊಂಡು ಮಾಡಿಸಬೇಕು ಅನ್ನುವುದು ಕೆಳಗಿದೆ. 40 ನಿಮಿಷದ ಪೀರಿಯಡ್ ಲೆಕ್ಕ ಇಟ್ಟುಕೊಂಡಿದ್ದೇನೆ: 10 ನಿಮಿಷ ಆಟ, 20 ನಿಮಿಷ ಕೆಲಸ, 10 ನಿಮಿಷ ತೊಳೆದು ಎತ್ತಿಡಲು. ಒಂದರಿಂದ ಮೂರನೇ ತರಗತಿಯವರಿಗೆ ಆಟಗಳೇ ಇಡೀ ಪೀರಿಯಡ್ ಆದರೂ ಪರವಾಗಿಲ್ಲ. ಅವರಿಗೆ ಗಣೇಶ ಬೇಡ.

## ಏನೇನು ಬೇಕು

ಮಣ್ಣು ಒಂದು ಮಗುವಿಗೆ ಕಾಲು ಕೆಜಿ. ಅಂದರೆ ಮೂಸಂಬಿ ಗಾತ್ರದ ಉಂಡೆ. ಚಿಕ್ಕ ಮಕ್ಕಳಿಗೆ 150 ಗ್ರಾಂ ಸಾಕು, ಅದಕ್ಕಿಂತ ದೊಡ್ಡದು ಅವರ ಅಂಗೈಯಲ್ಲಿ ನಿಲ್ಲುವುದಿಲ್ಲ. 40 ಮಕ್ಕಳ ತರಗತಿಗೆ 10 ಕೆಜಿ ಆಯಿತು, ಮೇಲೆ ಎರಡು ಮೂರು ಕೆಜಿ ಜಾಸ್ತಿ ಇರಲಿ.

ಕೆಳಗೆ ಹಾಸಲು ಹಳೆ ಗೋಣಿಚೀಲ ಅಥವಾ ದಪ್ಪ ಕಾಟನ್ ಬಟ್ಟೆ. ಗ್ರಾನೈಟ್, ಸನ್‌ಮೈಕಾ, ಪ್ಲಾಸ್ಟಿಕ್ ಶೀಟ್ ಇವುಗಳ ಮೇಲೆ ಮಣ್ಣು ಅಂಟಿಕೊಳ್ಳುತ್ತದೆ. ಮಕ್ಕಳು ಕೀಳಲು ಹೋಗಿ ಆಕಾರ ಕೆಡಿಸಿಕೊಳ್ಳುತ್ತಾರೆ.

ಕತ್ತರಿಸಲು ಎರಡು ತುದಿಗೆ ಕಡ್ಡಿ ಕಟ್ಟಿದ ನೈಲಾನ್ ದಾರ ಅಥವಾ ಮೀನಿನ ಗಾಳದ ದಾರ. ಗೀಚಲು ಹಳೆ ಟೂತ್‌ಬ್ರಷ್, ಪೊರಕೆ ಕಡ್ಡಿ, ಮುರಿದ ಬಾಚಣಿಗೆ. ಲಟ್ಟಣಿಗೆ ಬದಲು ಒಂದು ಅಡಿ ಉದ್ದದ ಪಿವಿಸಿ ಪೈಪ್ ತುಂಡು. ಮೂರು ಬಕೆಟ್. ಹಳೆ ಟವೆಲ್ಲುಗಳು. ಮಣ್ಣು ಮುಚ್ಚಿಡಲು ಪ್ಲಾಸ್ಟಿಕ್ ಕವರ್.

ನೀರಿನ ಬಟ್ಟಲು ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಆಟದ ಹತ್ತು ನಿಮಿಷ ಮೇಜಿನ ಹತ್ತಿರ ನೀರು ಸುಳಿಯಬಾರದು. ನೀರು ಕಂಡರೆ ಮಗು ಬೆರಳು ಅದ್ದಿಯೇ ಅದ್ದುತ್ತದೆ. ಮೇಲಿನ ಪದರ ಲೋಳೆಯಾಗುತ್ತದೆ, ಒಳಗೆ ಗಟ್ಟಿಯಾಗೇ ಉಳಿಯುತ್ತದೆ. ಒಣಗುವಾಗ ಹೊರಗೊಂದು ಅಳತೆ, ಒಳಗೊಂದು ಅಳತೆ ಕುಗ್ಗಿ ಬಿರುಕು ಬಿಡುತ್ತದೆ.

ಬಣ್ಣಬಣ್ಣದ ರೆಡಿಮೇಡ್ ಕ್ಲೇ ಪ್ಯಾಕೆಟ್ ಇದ್ದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಎಣ್ಣೆ, ಮೇಣ ಹಾಕಿದ ಕ್ಲೇ ಒಣಗುವುದೂ ಇಲ್ಲ, ಬಿರುಕು ಬಿಡುವುದೂ ಇಲ್ಲ. ಅದರಲ್ಲಿ ಪಳಗಿದ ಕೈಗೆ ಜೇಡಿಮಣ್ಣಿನ ಹದ ಗೊತ್ತಾಗಲ್ಲ.

## ಹಂತ 1: ಮಣ್ಣು ಆಯ್ದುಕೊಳ್ಳಿ, ಹದ ನೋಡಿ (ಒಂದು ವಾರ ಮುಂಚೆ)

ಹತ್ತಿರದಲ್ಲಿ ಕುಂಬಾರರ ಮನೆ ಇದ್ದರೆ ಅವರ ಹತ್ತಿರವೇ ಕೊಳ್ಳಿ. ಅವರು ಸೋಸಿ, ತುಳಿದು ಇಟ್ಟ ಮಣ್ಣಿಗೆ ನಾವು ಮಾಡಿಕೊಂಡದ್ದು ಸಾಟಿಯಲ್ಲ. ಗಣೇಶ ಹಬ್ಬ, ದೀಪಾವಳಿ ಹತ್ತಿರ ಬಂದಾಗ ಅವರಿಗೆ ಪುರುಸೊತ್ತು ಇರುವುದಿಲ್ಲ. ಜೂನ್ ತಿಂಗಳಲ್ಲೇ ಹೇಳಿಟ್ಟು ತಂದುಕೊಂಡರೆ ಒಳ್ಳೆಯದು. ಮುಚ್ಚಿಟ್ಟ ಮಣ್ಣು ಹಳತಾದಷ್ಟೂ ಚೆನ್ನಾಗಿರುತ್ತದೆ.

ಕೆರೆಗೋಡು, ಅಂದರೆ ಕೆರೆಯ ತಳದ ಹೂಳು ಮಣ್ಣು ತರುವುದಾದರೆ ಜಾಗ ನೋಡಿ ತೆಗೆಯಿರಿ. ಕಾಲುವೆ ನೀರು ಕೆರೆಗೆ ಸೇರುವ ಕಡೆ ಮರಳು ಜಾಸ್ತಿ, ಏರಿಯ ಕಡೆಗೆ ಹೋದಂತೆ ಮಣ್ಣು ನುಣ್ಣಗಾಗುತ್ತದೆ. ಆದರೆ ಏರಿಯ ಬುಡದಲ್ಲೇ ಅಗೆಯಬೇಡಿ. ಏರಿ ಸಡಿಲವಾದರೆ ಊರಿಗೇ ತೊಂದರೆ. ಸ್ವಲ್ಪ ಈಚೆ, ನೆಲ ಹಪ್ಪಳದ ಹಾಗೆ ಸೀಳಿ ಅಂಚು ಮೇಲೆದ್ದಿರುವ ಜಾಗ ಹುಡುಕಿ. ಗೋಡು ತೆಗೆಯುವ ಮುಂಚೆ ಪಂಚಾಯಿತಿಗೆ ಒಂದು ಮಾತು ಹೇಳಿ.

ಇನ್ನೊಂದು ಎಚ್ಚರಿಕೆ. ಕೋಲಾರ ಜಿಲ್ಲೆಯ ಅನೇಕ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಅಂಥದೇ ನೀರು ಬರುತ್ತದೆ. ಆ ಕೆರೆಗಳ ಗೋಡನ್ನು ಮಕ್ಕಳ ಕೈಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮಳೆ ನೀರು ಮಾತ್ರ ಬರುವ ಕೆರೆ, ಕುಂಟೆ ನೋಡಿ. ಚರಂಡಿ ವಾಸನೆ ಹೊಡೆಯುವ ಮಣ್ಣನ್ನು ಅಲ್ಲೇ ಬಿಟ್ಟು ಬನ್ನಿ.

ತಂದ ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡದೆ ಹೆಂಟೆಯಾಗಿಯೇ ನೀರಿಗೆ ಹಾಕಿ. ಅರೆ ಒಣಗಿದ್ದಕ್ಕಿಂತ ಪೂರ್ತಿ ಒಣಗಿದ ಹೆಂಟೆ ಬೇಗ ಕರಗುತ್ತದೆ. ಎರಡು ದಿನ ಬಿಟ್ಟು ಕಲಸಿ, ಸೊಳ್ಳೆಪರದೆಯಲ್ಲಿ ಸೋಸಿ. ಗಾಜಿನ ಚೂರು, ಜಾಲಿ ಮುಳ್ಳು, ಬಸವನಹುಳದ ಚಿಪ್ಪು ಎಲ್ಲ ಇಲ್ಲೇ ಸಿಗುತ್ತವೆ. ಈ ಕೆಲಸ ದೊಡ್ಡವರೇ ಮಾಡಬೇಕು. ತಿಳಿನೀರು ಬಸಿದು, ಉಳಿದ ರಾಡಿಯನ್ನು ಹಳೆ ಸೀರೆಯ ಮೇಲೆ ಸುರಿದು ನೆರಳಿನಲ್ಲಿ ಆರಲು ಬಿಡಿ.

ಇನ್ನು ಹದ. ಎಲ್ಲರೂ ಚಪಾತಿ ಹಿಟ್ಟಿನ ಹದ ಅನ್ನುತ್ತಾರೆ, ಆ ಮಾತು ನಂಬಬೇಡಿ. ಹಿಟ್ಟು ಎಳೆದರೆ ಹಿಂದಕ್ಕೆ ಹೋಗುತ್ತದೆ, ಮಣ್ಣು ಎಳೆದಲ್ಲೇ ನಿಲ್ಲಬೇಕು. ಸರಿಯಾದ ಪರೀಕ್ಷೆ ಹೀಗಿದೆ: ಪೆನ್ಸಿಲ್ ದಪ್ಪದ ಹುರಿ ಹೊಸೆದು ತೋರುಬೆರಳಿಗೆ ಸುತ್ತಿ. ಬಿರುಕಿಲ್ಲದೆ ಸುತ್ತಿಕೊಂಡರೆ ಹದ ಸರಿ. ಸಣ್ಣ ಬಿರುಕು ಕಂಡರೆ ಒದ್ದೆ ಗೋಣಿ ಮುಚ್ಚಿ ಒಂದು ರಾತ್ರಿ ಬಿಡಿ. ತುಂಡು ತುಂಡಾದರೆ ಆ ಮಣ್ಣಿನಲ್ಲಿ ಮರಳು ಜಾಸ್ತಿ, ನುಣುಪು ಮಣ್ಣು ಬೆರೆಸಬೇಕು. ಅಂಗೈಗೆ ಮೆತ್ತಿಕೊಂಡರೆ ನೀರು ಜಾಸ್ತಿ, ಗೋಣಿಯ ಮೇಲೆ ಹರಡಿ ಒಂದೆರಡು ಗಂಟೆ ಆರಿಸಿ.

ಹಾಗೆಯೇ 10 ಸೆಂ.ಮೀ. ಉದ್ದದ ಗೆರೆ ಎಳೆದ ಒಂದು ಪಟ್ಟಿ ಮಾಡಿ ಒಣಗಲು ಬಿಡಿ. ಒಣಗಿದ ಮೇಲೆ ಗೆರೆ 9.3 ಸೆಂ.ಮೀ. ಆಗಿದ್ದರೆ ಮಣ್ಣು ಶೇ 7ರಷ್ಟು ಕುಗ್ಗಿದೆ ಅಂತ ಲೆಕ್ಕ. 9ಕ್ಕಿಂತ ಕೆಳಗೆ ಇಳಿದರೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಸೋಸಿದ ಸಣ್ಣ ಮರಳು ಸೇರಿಸಿ, ಮತ್ತೆ ಅಳೆದು ನೋಡಿ. ಕಪ್ಪು ಗೋಡಿಗೆ ಬಹಳ ಸಲ ಇದು ಬೇಕಾಗುತ್ತದೆ. ಗಣಿತದ ಮೇಷ್ಟ್ರಿಗೆ ಈ ಪಟ್ಟಿ ಕೊಟ್ಟರೆ ಶೇಕಡಾವಾರು ಪಾಠಕ್ಕೂ ಆಯಿತು.

## ಹಂತ 2: ಮಕ್ಕಳು ಬರುವ ಮುಂಚೆ ಉಂಡೆ ಕತ್ತರಿಸಿಡಿ

ಮಣ್ಣನ್ನು ಚೆನ್ನಾಗಿ ನಾದಿ. ದಾರದಿಂದ ನಡುವೆ ಸೀಳಿ ನೋಡಿ, ಕೊಯ್ದ ಮುಖದಲ್ಲಿ ಗಾಳಿಯ ತೂತುಗಳು ಕಾಣಬಾರದು. ಕಂಡರೆ ಎರಡು ಭಾಗವನ್ನೂ ಒಂದರ ಮೇಲೊಂದು ರಪ್ಪನೆ ಹೊಡೆದು ಮತ್ತೆ ನಾದಿ.

ಆಮೇಲೆ ಕಾಲು ಕೆಜಿ ತುಂಡುಗಳಾಗಿ ಕತ್ತರಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಮಕ್ಕಳೆದುರು ದೊಡ್ಡ ಗುಡ್ಡೆಯಿಂದ ಕಿತ್ತು ಹಂಚಲು ಹೋದರೆ ಐದು ನಿಮಿಷ ಅದಕ್ಕೇ ಹೋಯಿತು. ಅವನಿಗೆ ಜಾಸ್ತಿ, ನನಗೆ ಕಮ್ಮಿ ಅನ್ನುವ ಜಗಳ ಬೇರೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆಯ ಒಣ ಗಾಳಿಗೆ ಸಣ್ಣ ಉಂಡೆ ನೋಡನೋಡುತ್ತಲೇ ಆರುತ್ತದೆ. ಫ್ಯಾನ್ ಆಫ್ ಮಾಡಿ. ಸಾಧ್ಯವಾದರೆ ಮಣ್ಣಿನ ಕ್ಲಾಸನ್ನು ಮಳೆಗಾಲಕ್ಕೆ ಹಾಕಿಕೊಳ್ಳಿ.

## ಹಂತ 3: ಬರಿಗೈ (ಒಂದು ನಿಮಿಷ)

ಬಳೆ, ಉಂಗುರ, ವಾಚು ತೆಗೆಸಿ. ಉಗುರು ಉದ್ದ ಇದ್ದರೆ ಮಣ್ಣಿನ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ, ಮುಂದಿನ ವಾರಕ್ಕೆ ಕತ್ತರಿಸಿಕೊಂಡು ಬರಲು ಹೇಳಿ. ಕೈಯಲ್ಲಿ ಗಾಯ, ಕಜ್ಜಿ, ಚರ್ಮ ಸೀಳಿದ್ದು ಇದೆಯಾ ನೋಡಿ. ಸಣ್ಣ ಗಾಯಕ್ಕೆ ಬ್ಯಾಂಡೇಜ್ ಹಾಕಿದರೆ ಸಾಕು. ದೊಡ್ಡದಾದರೆ ಆ ಮಗುವಿಗೆ ಆವತ್ತು ಟೈಮ್ ನೋಡುವ ಕೆಲಸ ಕೊಡಿ.

ಕೈ ಮುಷ್ಟಿ ಕಟ್ಟಿ ಬಿಚ್ಚುವುದು ಹತ್ತು ಸಲ, ಮಣಿಕಟ್ಟು ತಿರುಗಿಸುವುದು, ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳನ್ನು ಒಂದೊಂದಾಗಿ ಮುಟ್ಟುವುದು. ಅಷ್ಟೇ.

## ಹಂತ 4: ಮುಷ್ಟಿ, ಉಂಡೆ, ಇಟ್ಟಿಗೆ (ಮೂರು ನಿಮಿಷ)

ಈ ಮೂರೂ ಇದೇ ಕ್ರಮದಲ್ಲಿ ಬರಬೇಕು.

ಮುಷ್ಟಿ. ಮಣ್ಣನ್ನು ಒಂದೇ ಕೈಯಲ್ಲಿ ಬಲವಾಗಿ ಹಿಂಡಿ, ಕೈ ಬಿಚ್ಚಲು ಹೇಳಿ. ನಾಲ್ಕು ಬೆರಳಿನ ತಗ್ಗು, ನಡುವೆ ಎದ್ದ ಮೂರು ಏಣು, ಅಂಗೈ ಗೆರೆಗಳು ಎಲ್ಲ ಅಚ್ಚಾಗಿರುತ್ತವೆ. ಪಕ್ಕದವರ ಅಚ್ಚಿನ ಜೊತೆ ಹೋಲಿಸಿ ನೋಡಲಿ. ಎಷ್ಟು ಒತ್ತಿದರೆ ಮಣ್ಣು ಎಷ್ಟು ಸರಿಯುತ್ತದೆ ಅನ್ನುವುದು ಇಲ್ಲಿ ಕೈಗೇ ಗೊತ್ತಾಗುತ್ತದೆ. ನಿಮಗೂ ಒಂದು ಲಾಭ ಇದೆ. ಏಣುಗಳ ತುದಿ ಸೀಳಿದ್ದರೆ ಆ ಮಗುವಿನ ಮಣ್ಣು ಆರಿದೆ ಅಂತ ಅರ್ಥ, ಈಗಲೇ ಬದಲಾಯಿಸಿ ಕೊಡಿ.

ಉಂಡೆ. ಎರಡು ಅಂಗೈ ನಡುವೆ ಸುತ್ತಿಸುವುದು. ಬಹಳ ಮಕ್ಕಳು ಹಿಂದೆ ಮುಂದೆ ಮಾತ್ರ ಉಜ್ಜುತ್ತಾರೆ, ಉಂಡೆಯ ಬದಲು ಮೊಟ್ಟೆ ಬರುತ್ತದೆ. ಮೇಲಿನ ಕೈ ವೃತ್ತದಲ್ಲಿ ತಿರುಗಬೇಕು, ಉಂಡೆ ದುಂಡಗಾಗುತ್ತಾ ಬಂದಂತೆ ಒತ್ತಡ ಕಮ್ಮಿಯಾಗಬೇಕು. ಕೊನೆಕೊನೆಗೆ ಕೈ ಬರೀ ಸವರುತ್ತಿರಬೇಕು. ಮೇಲೆ ಸಣ್ಣ ಗೆರೆ ಕಂಡರೆ ಹೆಬ್ಬೆರಳಿನಿಂದ ತಿಕ್ಕಿ ಮುಚ್ಚಲಿ. ‘ಮಿಸ್, ನೀರು’ ಅನ್ನುವ ಮಾತು ಬರುವುದು ಇಲ್ಲೇ. ಕೊಡಬೇಡಿ.

ಇಟ್ಟಿಗೆ. ಅದೇ ಉಂಡೆಯನ್ನು ಗೋಣಿಯ ಮೇಲೆ ಒಂದು ಗೇಣು ಎತ್ತರದಿಂದ ತಟ್ಟಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಟ್ಟಿ, ಆರು ಮುಖ ಮಾಡುವುದು. ಬೆರಳಿನಿಂದ ಅಂಚು ಎಳೆಯುವಂತಿಲ್ಲ. ಮಾಲೂರು ಕಡೆಯ ಮಕ್ಕಳು ಇಟ್ಟಿಗೆ, ಹೆಂಚು ನೋಡುತ್ತಲೇ ಬೆಳೆದವರು, ಅವರಿಗೆ ಇದು ಖುಷಿ. ಎದುರುಬದುರು ಮುಖಗಳನ್ನು ಒಂದಾದ ಮೇಲೊಂದು ತಟ್ಟಬೇಕು ಅನ್ನುವುದನ್ನು ಮೊದಲೇ ಹೇಳಬೇಡಿ, ಸ್ವಲ್ಪ ಹೊತ್ತಿನಲ್ಲೇ ಯಾರಾದರೂ ಒಬ್ಬರು ಕಂಡುಕೊಳ್ಳುತ್ತಾರೆ. ಆಗ ಅವರನ್ನೇ ಎಲ್ಲರಿಗೂ ತೋರಿಸಲು ಬಿಡಿ.

ಇಟ್ಟಿಗೆಯಿಂದ ಮತ್ತೆ ಉಂಡೆಗೆ ಬಂದು ನಿಲ್ಲಿಸಿ. ಮುಂದಿನ ಆಟಕ್ಕೆ ಉಂಡೆಯೇ ಬೇಕು.

## ಹಂತ 5: ಕಣ್ಣು ಮುಚ್ಚಿ ಕೈಯಲ್ಲಿ ನೋಡುವುದು (ಎರಡು ನಿಮಿಷ)

ನಾಲ್ಕನೇ ತರಗತಿಯಿಂದ ಮೇಲಿನವರಿಗೆ. ಟವೆಲ್ ಕೆಳಗೆ ಒಂದು ವಸ್ತು ಇಡಿ: ಶ್ರೀನಿವಾಸಪುರದ ಕಡೆ ಮಾವಿನಕಾಯಿ, ಕೋಲಾರದಲ್ಲಿ ಟೊಮೆಟೊ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು. ಎಡಗೈಯಿಂದ ಮುಟ್ಟುತ್ತಾ, ಕಣ್ಣು ಮುಚ್ಚಿಕೊಂಡು ಬಲಗೈಯಲ್ಲಿ ಅದರ ಆಕಾರ ತರಬೇಕು.

ಮಾವಿನಕಾಯಿಯ ಮೂಗು ಯಾವ ಕಡೆ ಬಾಗಿದೆ, ಟೊಮೆಟೊ ತೊಟ್ಟಿನ ಹತ್ತಿರ ಎಷ್ಟು ಗುಳಿ ಇದೆ ಅನ್ನುವುದನ್ನು ಕಣ್ಣು ಬಿಟ್ಟಾಗ ಮಕ್ಕಳು ಗಮನಿಸುವುದೇ ಇಲ್ಲ. ತಲೆಯಲ್ಲಿರುವ ಚಿತ್ರದ ಟೊಮೆಟೊ ಮಾಡಿಬಿಡುತ್ತಾರೆ. ಮುಟ್ಟಿ ಮಾಡಿದಾಗ ಮಾತ್ರ ಗುಳಿ ಬರುತ್ತದೆ. ಪ್ರತಿಭಾ ಕಾರಂಜಿಯ ಮಣ್ಣಿನ ಮಾದರಿ ಸ್ಪರ್ಧೆಗೆ ಒಂದೇ ಮೂರ್ತಿಯನ್ನು ಬಾಯಿಪಾಠದ ಹಾಗೆ ಮಾಡಿಸುತ್ತಾರಲ್ವಾ, ಅದಕ್ಕಿಂತ ಈ ಎರಡು ನಿಮಿಷ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಚಿಕ್ಕ ಮಕ್ಕಳಿಗೆ ಕಣ್ಣು ಕಟ್ಟುವುದು ಬೇಡ, ಕೆಲವರು ಹೆದರುತ್ತಾರೆ. ಕೈಗಳನ್ನು ಟವೆಲ್ ಕೆಳಗೆ ಇಟ್ಟುಕೊಂಡು ಮಾಡಲಿ.

## ಹಂತ 6: ಆ ದಿನದ ಕೆಲಸಕ್ಕೆ ಹೊಂದುವ ಒಂದೇ ಒಂದು ಆಟ (ನಾಲ್ಕು ನಿಮಿಷ)

ಹೆಚ್ಚು ಜನ ಎಡವುವುದು ಇಲ್ಲಿ. ಹಾವು, ಬಟ್ಟಲು, ಗೋಪುರ ಎಲ್ಲ ಒಂದೇ ದಿನ ಮಾಡಿಸಿ, ಆಮೇಲೆ ಇವಕ್ಕೆ ಸಂಬಂಧವೇ ಇಲ್ಲದ ಕೆಲಸ ಕೊಡುತ್ತಾರೆ. ಆವತ್ತು ಏನು ಮಾಡಿಸುತ್ತೀರೋ ಅದಕ್ಕೆ ಬೇಕಾದ ಕೈಚಳಕವನ್ನು ಮಾತ್ರ ತೆಗೆದುಕೊಳ್ಳಿ.

### ಬಟ್ಟಲು, ಹಣತೆ ಮಾಡುವ ದಿನ: ಚಿವುಟುವ ಆಟ

ಉಂಡೆ ಎಡ ಅಂಗೈಯಲ್ಲಿರಲಿ. ಬಲ ಹೆಬ್ಬೆರಳನ್ನು ನಡುವೆ ಇಳಿಸಬೇಕು, ತಳದಲ್ಲಿ ಒಂದು ಸೆಂ.ಮೀ. ಉಳಿಯಬೇಕು. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ, ಒಂದು ಚಿವುಟು, ಸ್ವಲ್ಪ ತಿರುಗಿಸು, ಇನ್ನೊಂದು ಚಿವುಟು. ತಳದಿಂದ ಶುರು ಮಾಡಿ ಸುತ್ತು ಸುತ್ತಾಗಿ ಮೇಲಕ್ಕೆ ಬರಬೇಕು. ಬಾಯಿಯ ಅಂಚನ್ನು ಕೊನೆಗೆ ಮುಟ್ಟುವುದು.

ಮಕ್ಕಳು ತಿರುವುಮುರುವು ಮಾಡುತ್ತಾರೆ. ಅಂಚು ಕೈಗೆ ಸುಲಭವಾಗಿ ಸಿಗುತ್ತದೆ, ಅದನ್ನೇ ಚಿವುಟುತ್ತಾ ಹೋಗುತ್ತಾರೆ. ಬಾಯಿ ಅಗಲವಾಗಿ, ತೆಳ್ಳಗಾಗಿ, ಸೀಳುತ್ತದೆ. ತಳ ಮಾತ್ರ ದಪ್ಪಗೆ ಹಾಗೇ ಕೂತಿರುತ್ತದೆ.

ಎಷ್ಟು ಬಾಯಲ್ಲಿ ಹೇಳಿದರೂ ಇದು ತಲೆಗೆ ಹೋಗಲ್ಲ. ಮೂರು ನಿಮಿಷ ಆದ ಮೇಲೆ ದಾರ ತೆಗೆದುಕೊಂಡು ಎಲ್ಲರ ಬಟ್ಟಲನ್ನೂ ನಡುವೆ ಸೀಳಿಸಿ. ಕೊಯ್ದ ಮುಖದಲ್ಲಿ ಗೋಡೆಯ ದಪ್ಪ ಪೂರ್ತಿ ಕಾಣುತ್ತದೆ: ಬಾಯಿಯ ಹತ್ತಿರ ಎಲೆಯಷ್ಟು ತೆಳ್ಳಗೆ, ಮಧ್ಯದಲ್ಲಿ ಉಬ್ಬು, ತಳದಲ್ಲಿ ಎರಡು ಬೆರಳು ದಪ್ಪ. ಕೆಲವರ ಬಟ್ಟಲಿನಲ್ಲಿ ಒಂದು ಪಕ್ಕ ಮಾತ್ರ ದಪ್ಪ ಇರುತ್ತದೆ. ಅವರು ಮಣ್ಣನ್ನು ತಿರುಗಿಸದೆ ಒಂದೇ ಕಡೆ ಚಿವುಟಿದ್ದಾರೆ. ಮಗು ಇದನ್ನು ಒಂದು ಸಲ ಕಣ್ಣಾರೆ ಕಂಡರೆ ಸಾಕು, ಎರಡನೇ ಬಟ್ಟಲಿಗೆ ಹೆಬ್ಬೆರಳು ತಾನಾಗೇ ತಳಕ್ಕೆ ಹೋಗುತ್ತದೆ.

### ಹುರಿ ಸುತ್ತಿ ಮಡಕೆ ಮಾಡುವ ದಿನ: ಹಾವಿನ ಆಟ

ಬೆರಳುಗಳನ್ನು ಅಗಲಿಸಿ, ನಡುವಿನಿಂದ ತುದಿಗಳ ಕಡೆಗೆ ಕೈ ಸರಿಸುತ್ತಾ ಹೊಸೆಯಬೇಕು. ಹುರಿ ಪ್ರತಿ ಸಲವೂ ಪೂರ್ತಿ ಒಂದು ಸುತ್ತು ಉರುಳಬೇಕು. ಅರ್ಧ ಉರುಳಿಸಿ ವಾಪಸ್ ಎಳೆದರೆ ಚಪ್ಪಟೆ ಪಟ್ಟಿಯಾಗುತ್ತದೆ. ಚಪ್ಪಟೆಯಾದರೆ ಎತ್ತಿ ಸ್ವಲ್ಪ ತಿರುಚಿ, ಮತ್ತೆ ಹೊಸೆದರೆ ದುಂಡಗಾಗುತ್ತದೆ. ಉದ್ದದ ಪಂದ್ಯ ಇಡಬೇಡಿ. ಪಂದ್ಯ ಅಂದ ಕೂಡಲೇ ಎಳೆಯುತ್ತಾರೆ, ಕಿತ್ತುಹೋಗುತ್ತದೆ. ಉದ್ದಕ್ಕೂ ಒಂದೇ ದಪ್ಪ ಇರುವವರಿಗೆ ಚಪ್ಪಾಳೆ.

### ಹಲಗೆ, ಅಚ್ಚಿನ ಬಿಲ್ಲೆ ಮಾಡುವ ದಿನ: ಮೈ ಗುರುತಿನ ಆಟ

ಒಂದೇ ದಪ್ಪದ ಎರಡು ಮರದ ರಿಪೀಸು ಪಟ್ಟಿ ಎರಡೂ ಪಕ್ಕ ಇಟ್ಟು, ನಡುವೆ ಮಣ್ಣು ಹಾಕಿ ಪೈಪ್ ಉರುಳಿಸಿ. ಪಟ್ಟಿ ಇದ್ದರೆ ದಪ್ಪ ತಾನಾಗೇ ಸಮ ಬರುತ್ತದೆ. ಆಮೇಲೆ ಮಕ್ಕಳು ಮನೆಯಿಂದ ತಂದದ್ದನ್ನು ಒತ್ತಲಿ: ರಾಗಿ ತೆನೆ, ಹಿಪ್ಪುನೇರಳೆ ಎಲೆಯ ಹಿಂಭಾಗ, ಹಲಸಿನ ಸಿಪ್ಪೆ, ಹಳೆ ಚಂದ್ರಿಕೆಯ (ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ತುಂಡು. ಚಂದ್ರಿಕೆಯ ಬಿದಿರು ಹೆಣಿಗೆ ಮಣ್ಣಿನ ಮೇಲೆ ಬಹಳ ಚೆನ್ನಾಗಿ ಮೂಡುತ್ತದೆ. ಆದರೆ ಸೋಂಕು ತಡೆಯಲು ಔಷಧಿ ಹೊಡೆದದ್ದಿರಬಹುದು, ತೊಳೆದು ಬಿಸಿಲಿಗೆ ಒಣಗಿಸಿದ್ದನ್ನೇ ತರಲು ಹೇಳಿ.

### ಮನುಷ್ಯ, ಪ್ರಾಣಿ ಮಾಡುವ ದಿನ: ಗೋಪುರ

ಇಬ್ಬಿಬ್ಬರ ಜೋಡಿ. ಇಬ್ಬರ ಮಣ್ಣೂ ಸೇರಿಸಿ ಮೂರು ನಿಮಿಷದಲ್ಲಿ ಎಷ್ಟು ಎತ್ತರ ಆಗುತ್ತದೋ ಅಷ್ಟು. ನೀವು ಹತ್ತು ಎಣಿಸುವವರೆಗೆ ನಿಲ್ಲಬೇಕು. ಬುಡ ಸಣ್ಣಗಿದ್ದರೆ ಬೀಳುತ್ತದೆ. ಆನೆಗೆ ದಪ್ಪ ಕಾಲು ಯಾಕೆ ಮಾಡಬೇಕು ಅಂತ ಆಮೇಲೆ ಹೇಳುವ ಕೆಲಸವೇ ಇರಲ್ಲ.

## ಹಂತ 7: ಅಂಟಿಸುವ ಪರೀಕ್ಷೆ (ವರ್ಷಕ್ಕೊಮ್ಮೆ, ಸೊಂಡಿಲು ಬೀಳುವ ಮುಂಚೆ)

ಇದು ಪ್ರತಿ ವಾರದ್ದಲ್ಲ. ಒಂದು ದಿನ ಮೀಸಲಿಟ್ಟರೆ ವರ್ಷವಿಡೀ ನಿಮ್ಮ ಗಂಟಲು ಉಳಿಯುತ್ತದೆ.

ಪ್ರತಿ ಮಗುವೂ ಬೆರಳುದ್ದದ ಆರು ತುಂಡು ಮಾಡಿ ಮೂರು ಜೋಡಿ ಜೋಡಿಸಲಿ. ಮೊದಲ ಜೋಡಿ ಸುಮ್ನೆ ಒತ್ತಿದ್ದು. ಎರಡನೆಯದು ನೀರು ಹಚ್ಚಿ ಒತ್ತಿದ್ದು. ಮೂರನೆಯದಕ್ಕೆ ಎರಡೂ ಮುಖವನ್ನು ಟೂತ್‌ಬ್ರಷ್‌ನಿಂದ ಚೆನ್ನಾಗಿ ಗೀಚಿ, ಅದೇ ಮಣ್ಣನ್ನು ಮೊಸರಿನಷ್ಟು ಗಟ್ಟಿಯಾಗಿ ಕದಡಿದ ರಾಡಿ ಹಚ್ಚಿ, ಸ್ವಲ್ಪ ಅಲುಗಾಡಿಸುತ್ತಾ ಒತ್ತಿ, ಸಂದಿಯನ್ನು ಬೆರಳಿನಿಂದ ತೀಡಿ ಮುಚ್ಚಿದ್ದು. ಸ್ಲಿಪ್ ಅನ್ನುವುದು ಈ ರಾಡಿಯನ್ನೇ. ಕಡ್ಡಿಯಿಂದ 1, 2, 3 ಅಂತ ಗೀಚಿಸಿ, ಮುಂದಿನ ವಾರದವರೆಗೆ ನೆರಳಿನಲ್ಲಿಡಿ.

ಒಣಗಿದ ಮೇಲೆ ಎಳೆಸಿ. ಒಂದನೆಯದು ಮುಟ್ಟಿದರೆ ಬರುತ್ತದೆ, ಕಳಚಿದ ಮುಖ ನುಣ್ಣಗಿರುತ್ತದೆ. ಎರಡನೆಯದು ಸ್ವಲ್ಪ ಹಿಡಿದುಕೊಂಡು ಆಮೇಲೆ ಕಳಚುತ್ತದೆ. ಮೂರನೆಯದು ಸಾಮಾನ್ಯವಾಗಿ ಬೇರೆ ಜಾಗದಲ್ಲಿ ಮುರಿಯುತ್ತದೆ. ಮೂರನೆಯದೂ ಸಲೀಸಾಗಿ ಕಳಚಿದರೆ ಒಂದು ತುಂಡು ಆರಿತ್ತು, ಇನ್ನೊಂದು ಹಸಿ ಇತ್ತು ಅಂತ ಲೆಕ್ಕ. ಅಂಟಿಸುವ ಎರಡೂ ಭಾಗದ ಹದ ಒಂದೇ ಇರಬೇಕು.

## ಹಂತ 8: ಮುರಿದು ವಾಪಸ್

ಆಟದಲ್ಲಿ ಮಾಡಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ಇದನ್ನು ಶುರುವಿನಲ್ಲೇ ಹೇಳಿ. ಕೊನೆಗೆ ಹೇಳಿದರೆ ಅಳು ಗ್ಯಾರಂಟಿ. ಬೇಕಿದ್ದರೆ ಮೊಬೈಲಲ್ಲಿ ಒಂದು ಫೋಟೊ ತೆಗೆಯಿರಿ, ಆಮೇಲೆ ಎಲ್ಲರೂ ಒಟ್ಟಿಗೆ ಒಂದು, ಎರಡು, ಮೂರು ಅಂತ ಎಣಿಸಿ ಅಮುಕಿಬಿಡಲಿ. ತಾನೇ ಎಣಿಸಿ ಅಮುಕುವುದು ಮಕ್ಕಳಿಗೆ ಮಜಾ, ಬೇರೆಯವರು ಅಮುಕಿದರೆ ಸಂಕಟ.

ಅದೇ ಮಣ್ಣಿನಿಂದ ಆ ದಿನದ ಕೆಲಸ ಶುರು. ಕೈ ಬಿಸಿಗೆ ಮಣ್ಣು ಆರಿದ್ದರೆ ಒದ್ದೆ ಬಟ್ಟೆ ಕೆಳಗಿನ ಹೊಸ ತುಂಡು ಕೊಟ್ಟು, ಹಳೆಯದನ್ನು ಬಕೆಟ್ಟಿಗೆ ಹಾಕಿ.

## ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಮಣ್ಣಿನ ಮೇಲೆ ಹೊಳಪು ಕಂಡರೆ ಎಲ್ಲಿಂದಲೋ ನೀರು ಬಂದಿದೆ. ಯಾರದೋ ವಾಟರ್ ಬಾಟಲ್ ಬ್ಯಾಗಿನಿಂದ ಹೊರಗೆ ಬಂದಿರುತ್ತದೆ, ಹುಡುಕಿ.

ಮಕ್ಕಳು ಮಣ್ಣನ್ನು ಚೂರು ಚೂರು ಮಾಡಿ ಒಂದೊಂದಾಗಿ ಅಂಟಿಸುತ್ತಿದ್ದರೆ ಉಂಡೆಯಿಂದ ಆಕಾರ ಎಳೆಯುವುದು ಅವರಿಗೆ ಬಂದಿಲ್ಲ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಅಂಚುಗಳಲ್ಲಿ ಪುಡಿ ಉದುರುತ್ತಿದ್ದರೆ ಮಣ್ಣು ಆರಿದೆ, ಆಟ ಮುಂದುವರಿಸಿ ಪ್ರಯೋಜನವಿಲ್ಲ. ಒಂದು ಮಗು ಮಣ್ಣು ಮುಟ್ಟಲು ಅಸಹ್ಯಪಟ್ಟರೆ ಒತ್ತಾಯ ಬೇಡ. ತೆಳು ಪ್ಲಾಸ್ಟಿಕ್ ಕವರ್ ಒಳಗೆ ಉಂಡೆ ಹಾಕಿ ಹೊರಗಿಂದ ಅಮುಕಲು ಕೊಡಿ, ಎರಡು ಮೂರು ವಾರದಲ್ಲಿ ತಾನಾಗೇ ಕವರ್ ಬಿಡುತ್ತದೆ.

## ತೊಳೆಯುವುದು, ಗುಡಿಸುವುದು, ಸುಡುವುದು

ಮಣ್ಣಿನ ಕೈಯನ್ನು ನೇರ ನಲ್ಲಿಗೆ ಬಿಡಬೇಡಿ, ಎರಡು ವಾರದಲ್ಲಿ ಪೈಪ್ ಕಟ್ಟಿಕೊಳ್ಳುತ್ತದೆ. ಮೊದಲ ಬಕೆಟ್ಟಿನಲ್ಲಿ ದಪ್ಪ ಮಣ್ಣು, ಎರಡನೆಯದರಲ್ಲಿ ಉಳಿದದ್ದು, ಮೂರನೆಯದರಲ್ಲಿ ಕೊನೆಯ ಸಲ ತೊಳೆದು ನಲ್ಲಿಗೆ ಹೋಗಿ ಸೋಪು. ಮೊದಲ ಬಕೆಟ್ಟಿನ ತಳದಲ್ಲಿ ಕೂತ ಮಣ್ಣು ಮುಂದಿನ ಕ್ಲಾಸಿನ ರಾಡಿಗೆ ಆಗುತ್ತದೆ, ಮೂರನೆಯದರ ನೀರು ಗಿಡಕ್ಕೆ. ಚಳಿಗಾಲದಲ್ಲಿ ಕೈ ಒಡೆಯುವ ಮಕ್ಕಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ.

ಒಣ ಮಣ್ಣನ್ನು ಪೊರಕೆಯಿಂದ ಗುಡಿಸಬಾರದು. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮೂರ್ತಿಯನ್ನು ಮರಳುಕಾಗದದಿಂದ ಉಜ್ಜಿಸುವುದೂ ಬೇಡ.

ಆಟದ ನಂತರ ಮಾಡಿದ ಬಟ್ಟಲು, ಹಣತೆಗಳನ್ನು ಕುಂಬಾರರ ಆವಿಗೆಯಲ್ಲಿ ಸುಡಿಸಬೇಕೆಂದಿದ್ದರೆ ಮುಂಚೆಯೇ ಕೇಳಿ ಒಪ್ಪಿಗೆ ಪಡೆಯಿರಿ. ಗೋಡೆ ಒಂದು ಸೆಂ.ಮೀ.ಗಿಂತ ದಪ್ಪ ಇರಬಾರದು, ಒಳಗೆ ಗಟ್ಟಿ ಮಣ್ಣು ತುಂಬಿರಬಾರದು, ಕಮ್ಮಿಯೆಂದರೂ ಎರಡು ವಾರ ಆರಿರಬೇಕು. ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸಿದರೆ ಒಳಗಿನ್ನೂ ನೀರಿದೆ. ಆ ನೀರು ಬೆಂಕಿಯಲ್ಲಿ ಹಬೆಯಾಗಿ ಪಾತ್ರೆಯನ್ನು ಸಿಡಿಸುತ್ತದೆ, ಸಿಡಿದ ಚೂರು ಪಕ್ಕದಲ್ಲಿರುವ ಅವರ ಮಡಕೆಗಳಿಗೂ ಬಡಿಯುತ್ತದೆ. ಶಾಲೆಯ ಸಾಮಾನು ಬೇಡ ಅಂತ ಕೆಲವು ಕುಂಬಾರರು ಹೇಳುವುದು ಇದಕ್ಕೇ. ದಪ್ಪ ಇದ್ದವನ್ನು ನೀವೇ ಆರಿಸಿ ತೆಗೆದು, ಉಳಿದವನ್ನು ಮಾತ್ರ ಬುಟ್ಟಿಯಲ್ಲಿ ಹುಲ್ಲು ಹಾಕಿ ಜೋಡಿಸಿಕೊಂಡು ಹೋಗಿ.